ನಿಘಂಟಿನ ಅರ್ಥವಿವರಣೆಯಿಂದ ಕಂಪ್ಯೂಟರಿಗೆ ಕ್ರಿಯಾಪದ ಕಲಿಸಬಹುದೇ?

ನಿಘಂಟಿನಲ್ಲಿರುವ ಅರ್ಥವಿವರಣೆಗಳನ್ನೇ ಓದಿಸಿ ಕಂಪ್ಯೂಟರಿಗೆ ಕನ್ನಡ ಕ್ರಿಯಾಪದಗಳ ಅರ್ಥವನ್ನು ಕಲಿಸಲು ಸಾಧ್ಯವೇ, ಆರು ತಿಂಗಳ ಎಂ.ಸಿ.ಎ. ಪ್ರಾಜೆಕ್ಟಿಗೆ ಈ ವಿಷಯ ಹೊಂದುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಕಲಿಸುತ್ತೇನೆ. ವಿದ್ಯಾರ್ಥಿಗಳೊಡನೆ ಇದೇ ಕೆಲಸಕ್ಕೆ ಕೈಹಾಕಿ ಒಮ್ಮೆ ಚೆನ್ನಾಗಿ ಎಡವಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಸಾಧ್ಯವಿದೆ. ಆದರೆ ಅರ್ಥವಿವರಣೆಯು ಹೇಳದೆ ಬಿಡುವ ಒಂದು ಸಂಗತಿಯನ್ನು ನೀವೇ ತುಂಬಬೇಕಾಗುತ್ತದೆ, ಮತ್ತು ನಿಮ್ಮ ದುಡಿಮೆಯ ಹೆಚ್ಚಿನ ಪಾಲು ಅಲ್ಲಿಯೇ ಖರ್ಚಾಗುತ್ತದೆ.

ಯೋಚನೆ ಹಳೆಯದು. 1980ರಲ್ಲಿ ರಾಬರ್ಟ್ ಆಮ್ಸ್ಲರ್ ಅವರು ಇಂಗ್ಲಿಷಿನ ಕಿರುನಿಘಂಟೊಂದರ ವಿವರಣೆಗಳಿಂದ ಮುಖ್ಯಪದಗಳನ್ನು ಹೆಕ್ಕಿ, ಯಾವ ಪದ ಯಾವುದರ ಅಡಿಯಲ್ಲಿ ಬರುತ್ತದೆ ಎಂಬ ವಂಶವೃಕ್ಷವನ್ನು ಕಟ್ಟಿದರು. 1986ರಲ್ಲಿ ಮೈಕೆಲ್ ಲೆಸ್ಕ್ ಇನ್ನೂ ಸರಳವಾದ ಉಪಾಯವೊಂದನ್ನು ಮುಂದಿಟ್ಟರು: ಪದವೊಂದಕ್ಕೆ ಹಲವು ಅರ್ಥಗಳಿದ್ದಾಗ, ಯಾವ ಅರ್ಥದ ವಿವರಣೆಯು ಅಕ್ಕಪಕ್ಕದ ಪದಗಳ ವಿವರಣೆಯೊಂದಿಗೆ ಹೆಚ್ಚು ಪದಗಳನ್ನು ಹಂಚಿಕೊಳ್ಳುತ್ತದೆಯೋ ಅದನ್ನು ಆರಿಸಿಕೊಳ್ಳುವುದು. ಈ ಉಪಾಯವನ್ನು ಕನ್ನಡಕ್ಕೆ ಹಾಗೆಯೇ ಅಳವಡಿಸಿದರೆ ಹೊಟ್ಟು, ಹೊಟ್ಟನ್ನು, ಹೊಟ್ಟಿನಿಂದ ಎಂಬ ಮೂರೂ ಬೇರೆ ಬೇರೆ ಪದಗಳೆಂದು ಯಂತ್ರವು ಎಣಿಸುತ್ತದೆ. ಆದ್ದರಿಂದ ವಿಭಕ್ತಿ ಪ್ರತ್ಯಯಗಳನ್ನು ಬಿಡಿಸುವ ಕೆಲಸ ಮೊದಲು ಆಗಬೇಕು. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಪದಗಳನ್ನೇ ಬಳಸಿ ಉಳಿದೆಲ್ಲವನ್ನೂ ವಿವರಿಸಿದ್ದರಿಂದ ಸಂಶೋಧಕರಿಗೆ ಬಹಳ ಅನುಕೂಲವಾಯಿತು. ಆ ಕಟ್ಟುಪಾಡು ನಮ್ಮ ನಿಘಂಟುಗಳಿಗಿಲ್ಲ.

ಆದರೆ ಕನ್ನಡದ ವಾಕ್ಯರಚನೆ ನಮಗೆ ಬೇರೊಂದು ಅನುಕೂಲವನ್ನು ಒದಗಿಸಿದೆ. ‘ಕೇರು’ ಎಂಬ ಕ್ರಿಯಾಪದವನ್ನು ನೋಡಿ. ಅದರ ವಿವರಣೆಯನ್ನು ನಾವು ಹೀಗೆ ಬರೆದುಕೊಂಡಿದ್ದೆವು: ‘ಮೊರದಲ್ಲಿ ಹಾಕಿ, ಮೇಲಕ್ಕೆ ಹಾರಿಸಿ, ಧಾನ್ಯದಿಂದ ಹೊಟ್ಟನ್ನು ಬೇರ್ಪಡಿಸು’. ‘ತೂರು’ ಎಂಬುದಕ್ಕೆ: ‘ಎತ್ತರದಿಂದ ಗಾಳಿಗೆ ಸುರಿದು, ಧಾನ್ಯದಿಂದ ಹೊಟ್ಟನ್ನು ಬೇರ್ಪಡಿಸು’. ಕೊನೆಯ ಪದವಾದ ‘ಬೇರ್ಪಡಿಸು’ ಎರಡಕ್ಕೂ ತಾಯಿ. ಅದರ ಹಿಂದೆ ಬರುವ ಹಾಕಿ, ಹಾರಿಸಿ, ಸುರಿದು ಎಂಬ ಕೃದಂತಾವ್ಯಯಗಳು ಕೆಲಸದ ಹಂತಗಳನ್ನು ನಡೆಯುವ ಕ್ರಮದಲ್ಲಿಯೇ ಹೇಳುತ್ತವೆ, ಮತ್ತು ಸಾಮಾನ್ಯವಾಗಿ ಅವೆಲ್ಲಕ್ಕೂ ಕರ್ತೃ ಒಬ್ಬನೇ. ‘-ಇಂದ’ ಎಂಬುದು ಯಾವುದರಿಂದ ಬೇರೆಯಾಯಿತು ಎಂಬುದನ್ನೂ, ‘-ಅನ್ನು’ ಎಂಬುದು ಏನು ಬೇರೆಯಾಯಿತು ಎಂಬುದನ್ನೂ ತಿಳಿಸುತ್ತವೆ. ಇಷ್ಟನ್ನು ಯಂತ್ರವು ಬಿಡಿಸಿಕೊಂಡರೆ, ಒಂದು ಕೆಲಸಕ್ಕೆ ಮೊರ ಬೇಕು, ಇನ್ನೊಂದಕ್ಕೆ ಗಾಳಿ ಬೇಕು, ಎರಡೂ ಮುಗಿದ ಮೇಲೆ ಧಾನ್ಯ ಒಂದು ಕಡೆ, ಹೊಟ್ಟು ಇನ್ನೊಂದು ಕಡೆ ಇರುತ್ತದೆ ಎಂಬುದು ಅದಕ್ಕೆ ದಕ್ಕುತ್ತದೆ. ಕಣವನ್ನೇ ಕಾಣದ ಯಂತ್ರಕ್ಕೆ ಇದು ಸಣ್ಣ ಗಳಿಕೆಯಲ್ಲ.

ನಾವು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಕೊನೆಯ ಪದವೇ ತಾಯಿಪದವೆಂಬ ನಿಯಮವನ್ನು ಎಲ್ಲ ಕ್ರಿಯಾಪದಗಳ ಮೇಲೂ ಓಡಿಸಿದಾಗ, ಮರದ ತುಂಬ ಒಂದೇ ತಾಯಿ ಕಾಣಿಸಿದಳು: ‘ಮಾಡು’. ಅಡುಗೆ ಮಾಡು, ಹಸನು ಮಾಡು, ಸಾಯುವಂತೆ ಮಾಡು, ತಮಾಷೆ ಮಾಡು. ತೊಗರಿಯ ಸೀಮೆಯವರಾದ ನಾವು ಕಣದ ಕೆಲಸವನ್ನೆಲ್ಲ ‘ರಾಶಿ ಮಾಡು’ ಎಂದೇ ಹೇಳುವವರು. ಅದೂ ಅಲ್ಲಿಯೇ ಹೋಗಿ ಕುಳಿತಿತ್ತು. ಈ ತೊಡಕು ನಮ್ಮ ಹಿರಿಯರಿಗೂ ಇತ್ತೆಂಬುದೊಂದೇ ಸಮಾಧಾನ: ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಾದ ಪಾಣಿನೀಯ ಧಾತುಪಾಠದಲ್ಲಿ ಎಷ್ಟೋ ಧಾತುಗಳಿಗೆ ‘ಗತೌ’, ಅಂದರೆ ಚಲನೆ ಎಂಬ ಒಂದೇ ಮಾತಿನ ಅರ್ಥವಿದ್ದು, ಒಂದು ಚಲನೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಲ್ಲಿ ಸಿಗುವುದಿಲ್ಲ. ‘ಮಾಡು’ ಕೊನೆಯಲ್ಲಿದ್ದಾಗ ಅದನ್ನು ದಾಟಿ ಅದರ ಹಿಂದಿನ ಪದವನ್ನು ಹಿಡಿಯಬೇಕು ಎಂಬುದು ನಾವು ಕಲಿತ ಮೊದಲ ಪಾಠ.

ಎರಡನೆಯದು ‘-ಅಂತೆ ಮಾಡು’ ಎಂಬ ಸೂತ್ರಕ್ಕೆ ಸಂಬಂಧಿಸಿದ್ದು. ಒಣಗಿಸು ಎಂದರೆ ಒಣಗುವಂತೆ ಮಾಡು, ಎಬ್ಬಿಸು ಎಂದರೆ ಏಳುವಂತೆ ಮಾಡು, ಕೊಲ್ಲು ಎಂದರೆ ಸಾಯುವಂತೆ ಮಾಡು. ನೋಡಲು ಬಲು ಅಚ್ಚುಕಟ್ಟು. ಒಬ್ಬರು ಇನ್ನೊಂದರಲ್ಲಿ ಬದಲಾವಣೆಯನ್ನು ಉಂಟುಮಾಡುತ್ತಾರೆ ಎಂಬುದನ್ನು ಇದರಿಂದ ನೇರವಾಗಿ ತರ್ಕದ ಭಾಷೆಗೆ ಇಳಿಸಬಹುದು. ನಮ್ಮ ಭಾಗದ ‘ಹಚ್ಚು’ ಇದಕ್ಕೆ ಒಳ್ಳೆಯ ಪರೀಕ್ಷೆ. ಇಲ್ಲಿ ದೀಪ ಹಚ್ಚುತ್ತೇವೆ, ಗೋಡೆಗೆ ಸುಣ್ಣ ಹಚ್ಚುತ್ತೇವೆ, ಗಿಡ ಹಚ್ಚುತ್ತೇವೆ, ಮಗನನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ, ಊರಿಗೆ ಫೋನ್ ಹಚ್ಚುತ್ತೇವೆ (ಮಾಡುತ್ತೇವೆ). ನಿಘಂಟಿನ ರೀತಿಯಲ್ಲಿ ಐದು ಅರ್ಥಗಳನ್ನು ಐದು ಸಾಲುಗಳಲ್ಲಿ ಬರೆದರೆ ಅವುಗಳ ನಂಟು ಯಂತ್ರಕ್ಕೆ ಕಾಣುವುದಿಲ್ಲ. ‘ಹತ್ತುವಂತೆ ಮಾಡು’ ಎಂದು ಒಂದೇ ಸಾಲು ಬರೆದರೆ ಬಹುಪಾಲು ಕೂಡಿಬರುತ್ತವೆ: ದೀಪ ಹತ್ತಿತು (ಉರಿಯಿತು), ಸುಣ್ಣ ಹತ್ತಿತು (ಅಂಟಿತು), ಗಿಡ ಹತ್ತಿತು (ಬೇರೂರಿತು), ಫೋನ್ ಹತ್ತಿತು (ಸಂಪರ್ಕ ಸಿಕ್ಕಿತು). ಸಾಲಿಯ ಬಳಕೆಯನ್ನು ಮಾತ್ರ ಬೇರೆ ಇಡಬೇಕಾಯಿತು. ಯಾವ ಬಳಕೆ ಯಾವುದೆಂಬುದನ್ನು ‘-ಗೆ’ ಪ್ರತ್ಯಯವಿದೆಯೇ ಇಲ್ಲವೇ, ಕರ್ಮಪದವು ಮನುಷ್ಯನೇ ವಸ್ತುವೇ ಎಂಬುದರಿಂದ ಗುರುತಿಸಬಹುದು.

ಈಗ ತೊಡಕಿಗೆ ಬರುತ್ತೇನೆ. ‘ಫೋನ್ ಹಚ್ಚಿದೆ, ಹತ್ತಲಿಲ್ಲ’ ಎಂದು ನಾವು ದಿನಕ್ಕೆ ನಾಲ್ಕು ಸಲ ಹೇಳುತ್ತೇವೆ. ‘ಗಿಡ ಹಚ್ಚಿದೆವು, ಬೇಸಿಗೆಗೆ ಒಂದೂ ಹತ್ತಲಿಲ್ಲ’ ಎಂಬುದರಲ್ಲಿ ಯಾವ ವಿರೋಧವೂ ಇಲ್ಲ. ಮಗನನ್ನು ‘ಎಷ್ಟು ಎಬ್ಬಿಸಿದರೂ ಏಳಲಿಲ್ಲ’ ಎಂಬ ದೂರು ಎಲ್ಲ ಮನೆಗಳಲ್ಲಿಯೂ ಕೇಳುತ್ತದೆ. ಬೇಳೆಯನ್ನು ‘ಎಷ್ಟು ಬೇಯಿಸಿದರೂ ಬೇಯಲಿಲ್ಲ’ ಎನ್ನುತ್ತಾರೆ (ನಮ್ಮ ಜಿಲ್ಲೆಯ ಬೇಳೆಗೆ ಈ ದೂರು ಸಲ್ಲದೆಂಬುದು ನನ್ನ ಖಚಿತ ಅಭಿಪ್ರಾಯ). ಆದರೆ ‘ಕೊಂದೆ, ಸಾಯಲಿಲ್ಲ’ ಎಂದರೆ ಕೇಳಿದವರು ನಗುತ್ತಾರೆ. ರಕ್ತಬೀಜಾಸುರನ ಕಥೆಯ ಹೊರಗೆ ಅಂಥ ಮಾತಿಗೆ ಎಡೆಯಿಲ್ಲ. ‘ಕೋಲನ್ನು ಮುರಿದೆ, ಕೋಲು ಮುರಿಯಲಿಲ್ಲ’ ಎಂಬುದೂ ಹಾಗೆಯೇ. ಅಂದರೆ ಅರ್ಥವಿವರಣೆಯಲ್ಲಿ ಒಂದೇ ರೂಪದಲ್ಲಿರುವ ‘-ಅಂತೆ ಮಾಡು’ ಎಂಬುದು ಕೆಲವು ಕ್ರಿಯಾಪದಗಳಲ್ಲಿ ಫಲ ದೊರೆತೇ ತೀರಿತು ಎಂದೂ, ಕೆಲವದರಲ್ಲಿ ಫಲಕ್ಕಾಗಿ ಯತ್ನ ನಡೆಯಿತು ಎಂದೂ ಅರ್ಥ ಕೊಡುತ್ತದೆ. ನಿಘಂಟುಕಾರರು ಈ ಭೇದವನ್ನು ಬರೆಯುವುದಿಲ್ಲ, ಬರೆಯುವ ಅಗತ್ಯವೂ ಅವರಿಗಿಲ್ಲ, ಏಕೆಂದರೆ ಓದುವವರಿಗೆ ಅದು ಮೊದಲೇ ಗೊತ್ತಿರುತ್ತದೆ. ಯಂತ್ರವಾದರೋ ವಿವರಣೆಯನ್ನು ನಂಬಿ, ಫೋನ್ ಹಚ್ಚಿದ ಕೂಡಲೇ ಮಾತುಕತೆ ನಡೆಯಿತೆಂದು ತೀರ್ಮಾನಿಸಿಬಿಡುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ‘ಬೇಳೆ ಬೇಯಿಸಿದೆ’ ಎಂದಷ್ಟೇ ಹೇಳಿದರೆ ಬೇಳೆ ಬೆಂದಿದೆಯೆಂದೇ ಕೇಳುವವರು ತಿಳಿಯುತ್ತಾರೆ. ಮುಂದಿನ ಮಾತು ಬಂದಾಗ ಮಾತ್ರ ಆ ತಿಳಿವಳಿಕೆಯನ್ನು ಹಿಂತೆಗೆದುಕೊಳ್ಳುತ್ತಾರೆ. ‘ಬೇಯಿಸಿಟ್ಟೆ’ ಎಂದರೆ ಆ ಹಿಂತೆಗೆತಕ್ಕೂ ದಾರಿಯಿಲ್ಲ, ಏಕೆಂದರೆ ‘ಇಡು’ ಎಂಬ ಸಹಾಯಕ ಕ್ರಿಯಾಪದವು ಕೆಲಸವನ್ನು ಮುಗಿಸಿಬಿಟ್ಟಿದೆ. ‘ಇಡು’ ಎಂಬುದಕ್ಕೆ ನಿಘಂಟು ಕೊಡುವ ‘ಇರಿಸು’ ಎಂಬ ಅರ್ಥದಿಂದ ಇದನ್ನು ಊಹಿಸಲು ಬರುವುದಿಲ್ಲ. ಬರೆದುಕೊಡು, ಬರೆದುಕೊಳ್ಳು, ಬರೆದುಬಿಡು, ಬರೆದುಹಾಕು ಇವೆಲ್ಲವೂ ಇದೇ ಜಾತಿಯವು; ಇವು ನಿಮ್ಮ ಆರು ತಿಂಗಳಿಗೆ ಮೀರಿದ ವಿಷಯ, ಸದ್ಯಕ್ಕೆ ಕೈಬಿಡಿ.

ವಿವರಣೆಗಳ ಗುಣಮಟ್ಟದ ಬಗ್ಗೆ ಒಂದು ಮಾತು. ‘ನೋಡು: ಕಾಣು, ವೀಕ್ಷಿಸು, ಅವಲೋಕಿಸು’ ಎಂಬಂಥ ಸಮಾನಪದಗಳ ಪಟ್ಟಿಯನ್ನು ನಂಬಿ ಹೊರಟರೆ, ವೀಕ್ಷಿಸು ಎಂಬಲ್ಲಿಗೆ ಹೋಗಿ ಮತ್ತೆ ನೋಡು ಎಂಬಲ್ಲಿಗೇ ಬಂದು ನಿಲ್ಲುತ್ತೀರಿ. ಚೀನೀ ಭಾಷೆ ಬಾರದವನ ಕೈಗೆ ಚೀನೀ-ಚೀನೀ ನಿಘಂಟನ್ನು ಕೊಟ್ಟಂತೆ ಇದು ಎಂದು ಸ್ಟೀವನ್ ಹಾರ್ನಾಡ್ 1990ರಲ್ಲಿಯೇ ಎಚ್ಚರಿಸಿದ್ದರು. ಎಂಟು ಸಂಪುಟಗಳ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ಅರ್ಥದ ಜೊತೆಗೆ ಪ್ರಯೋಗಗಳೂ ಇರುವುದರಿಂದ, ಯಾವ ಕ್ರಿಯಾಪದ ಯಾವ ವಿಭಕ್ತಿಯನ್ನು ಬೇಡುತ್ತದೆ ಎಂಬುದನ್ನು ತಿಳಿಯಲು ವಿವರಣೆಗಿಂತ ಆ ಪ್ರಯೋಗಗಳೇ ನಿಮಗೆ ಹೆಚ್ಚು ನೆರವಾಗುತ್ತವೆ. ಆದರೆ ಅವುಗಳಲ್ಲಿ ಹಳಗನ್ನಡದವು ಬಹಳ. ಭಾರತೀಯ ಭಾಷೆಗಳ ಪದಗಳನ್ನು ಅರ್ಥದ ನಂಟಿನಿಂದ ಹೆಣೆದಿರುವ, ಐಐಟಿ ಬಾಂಬೆಯ ಮುಂದಾಳತ್ವದ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ. ಪದಗಳ ನಂಟನ್ನು ಮೊದಲಿಂದ ಕಟ್ಟುವ ಶ್ರಮ ಅದರಿಂದ ಉಳಿಯುತ್ತದೆ.

ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ಇಂದಿನ ದೊಡ್ಡ ಭಾಷಾ ಮಾದರಿಗಳಿರುವಾಗ ನಿಘಂಟು ಏಕೆ ಎಂದು ನಿಮ್ಮ ಪರೀಕ್ಷಕರು ಖಂಡಿತ ಕೇಳುತ್ತಾರೆ. ಆ ಮಾದರಿಗಳು ಕಲಿಯುವುದು ಬಳಕೆಯ ರಾಶಿಯಿಂದ. ‘ಕೇರು’ ಎಂಬಂಥ ಪದ ಅಂತರ್ಜಾಲದ ಕನ್ನಡದಲ್ಲಿ ಅಪರೂಪ, ‘ಫೋನ್ ಹಚ್ಚು’ ಎಂಬುದು ಬರಹದಲ್ಲಿ ಇನ್ನೂ ಅಪರೂಪ. ಬಳಕೆ ವಿರಳವಾಗಿರುವಲ್ಲಿ ಒಂದು ಒಳ್ಳೆಯ ವಿವರಣೆ ಬಹಳ ಕೆಲಸ ಮಾಡುತ್ತದೆ ಎಂದು ಉತ್ತರಿಸಿ.

ನಾನಾಗಿದ್ದರೆ ‘-ಇಸು’ ಪ್ರತ್ಯಯವಿರುವ, ಜೋಡಿ ಸಿಗುವ ನೂರು ಕ್ರಿಯಾಪದಗಳನ್ನು ಮಾತ್ರ ಎತ್ತಿಕೊಳ್ಳುತ್ತಿದ್ದೆ: ಒಣಗು-ಒಣಗಿಸು, ಬೇಯು-ಬೇಯಿಸು, ಆರು-ಆರಿಸು. ಒಂದೊಂದಕ್ಕೂ ‘ಎಷ್ಟು ಒಣಗಿಸಿದರೂ ಒಣಗಲಿಲ್ಲ’ ಎಂಬ ಅಚ್ಚಿನಲ್ಲಿ ಒಂದು ವಾಕ್ಯವನ್ನು ರಚಿಸಿ, ಕನ್ನಡವನ್ನು ಮನೆಮಾತಾಗಿ ಉಳ್ಳ ಹತ್ತು ಜನರ ಮುಂದಿಟ್ಟು, ಸರಿಯೆನಿಸುತ್ತದೆಯೇ ಎಂದು ಕೇಳಿ. ಸರಿಯೆನಿಸಿದರೆ ಆ ಕ್ರಿಯಾಪದ ಯತ್ನವನ್ನಷ್ಟೇ ಹೇಳುತ್ತದೆ, ಇಲ್ಲದಿದ್ದರೆ ಫಲ ದೊರೆಯಿತೆಂದೂ ಹೇಳುತ್ತದೆ; ನಿಘಂಟು ಬಿಟ್ಟದ್ದನ್ನು ನೀವು ತುಂಬುವುದು ಹೀಗೆ. ಹತ್ತರಲ್ಲಿ ಇಬ್ಬರಾದರೂ ಬೇರೆ ಜಿಲ್ಲೆಯವರಿರಲಿ. ನಮ್ಮ ತರಗತಿಯಲ್ಲಿ ನಮ್ಮದೇ ಜಿಲ್ಲೆಯ ಆಳಂದದ ಹುಡುಗಿಯೊಬ್ಬಳು ಒಪ್ಪಿದ ‘ಹತ್ತು’ ಎಂಬ ಕ್ರಿಯಾಪದದ ಬಳಕೆಗಳಲ್ಲಿ ಮೂರನ್ನು ಮೈಸೂರಿನಿಂದ ಬಂದಿದ್ದ ಹುಡುಗ ಕೇಳಿಯೇ ಇರಲಿಲ್ಲ.