ಹಾಸ್ಟೆಲ್ ಗೇಟಿನ ಸಮಯಕ್ಕೂ ಸ್ತ್ರೀವಾದಕ್ಕೂ ಏನು ಸಂಬಂಧ?

ನೇರ ಸಂಬಂಧವಿದೆ. ಒಂದೇ ಕ್ಯಾಂಪಸ್ಸಿನಲ್ಲಿ ರಾತ್ರಿ ಹಾಸ್ಟೆಲಿಗೆ ಮರಳಲು ಹುಡುಗರಿಗಿಲ್ಲದ ಗಡುವನ್ನು ಹುಡುಗಿಯರಿಗೆ ಮಾತ್ರ ಹಾಕಿದರೆ, ಅವರು ಕಳೆದುಕೊಳ್ಳುವುದು ಓದಿನ ಸಮಯವನ್ನೇ: ರಾತ್ರಿ ತೆರೆದಿರುವ ಗ್ರಂಥಾಲಯ, ಪ್ರಯೋಗಾಲಯ, ನಾಟಕದ ತಾಲೀಮು, ಚುನಾವಣೆಯ ಸಭೆ. ಶುಲ್ಕ ಒಂದೇ, ಸಿಗುವ ವಿಶ್ವವಿದ್ಯಾಲಯ ಮಾತ್ರ ಅರ್ಧ.

ದೆಹಲಿಯಲ್ಲಿ 2015ರಲ್ಲಿ ಹುಟ್ಟಿದ 'ಪಿಂಜ್ರಾ ತೋಡ್' (ಪಂಜರ ಮುರಿ) ಚಳವಳಿ ಎತ್ತಿದ್ದು ಇದೇ ಪ್ರಶ್ನೆಯನ್ನು. ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯವು ಹಾಸ್ಟೆಲ್ ವಿದ್ಯಾರ್ಥಿನಿಯರಿಗೆ ರಾತ್ರಿ ತಡವಾಗಿ ಬರಲು ಕೊಡುತ್ತಿದ್ದ ಅನುಮತಿಯನ್ನು ರದ್ದುಪಡಿಸಿದಾಗ ಶುರುವಾದ ಚರ್ಚೆ ಬೇಗನೆ ಬೇರೆ ಕಾಲೇಜುಗಳಿಗೂ ಹಬ್ಬಿತು.

'ಸುರಕ್ಷತೆಗಾಗಿ ತಾನೇ?' ಎಂದು ಪೋಷಕರು ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಗಡುವು ಬೀದಿದೀಪ ಹಾಕಿಸುವುದಿಲ್ಲ, ಕಿರುಕುಳ ಕೊಡುವವನನ್ನು ತಡೆಯುವುದಿಲ್ಲ. ಅಪಾಯಕ್ಕೆ ಒಳಗಾಗಬಹುದಾದವಳನ್ನೇ ಒಳಗಿಟ್ಟು ಬೀಗ ಹಾಕುತ್ತದೆ. ಇನ್ನೂ ಕೆಟ್ಟದ್ದೆಂದರೆ, ಬಸ್ ಕೆಟ್ಟು ಹತ್ತು ನಿಮಿಷ ತಡವಾದವಳಿಗೆ ಮುಚ್ಚಿದ ಗೇಟೇ ಅಪಾಯ. ಕಿರುಕುಳವಾದರೂ ಅವಳು ದೂರು ಕೊಡಲು ಹಿಂಜರಿಯುತ್ತಾಳೆ, ಏಕೆಂದರೆ ಮೊದಲ ಪ್ರಶ್ನೆ 'ಆ ಹೊತ್ತಿನಲ್ಲಿ ಹೊರಗೇಕಿದ್ದೆ' ಎಂದೇ ಬರುತ್ತದೆ.

ಇದು ಕೇವಲ ಹೋರಾಟಗಾರರ ವಾದವಲ್ಲ. ಲೈಂಗಿಕ ಕಿರುಕುಳ ತಡೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2016ರಲ್ಲಿ ಪ್ರಕಟಿಸಿದ ನಿಯಮಾವಳಿಯೇ, ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರಿಗೆ ತಾರತಮ್ಯದ ನಿಯಮ ಹೇರಬಾರದು ಎನ್ನುತ್ತದೆ. ನಿಮ್ಮ ಕಾಲೇಜಿನಲ್ಲಿ ಈ ಮಾತು ಎತ್ತುವುದಾದರೆ ಆ ನಿಯಮಾವಳಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡೇ ವಾರ್ಡನ್ ಬಳಿಗೆ ಹೋಗಿ.