ಅಮೆರಿಕದ ಸಬರ್ಬ್‌ಗಳಲ್ಲಿರೋ (ಅಂದ್ರೆ ದೊಡ್ಡ ಸಿಟಿಗಳ ಸುತ್ತಲಿನ ಊರುಗಳಲ್ಲಿರೋ) ಸರ್ಕಾರಿ ಹೈಸ್ಕೂಲ್‌ಗಳು ಅಷ್ಟು ದೊಡ್ಡದಾಗಿ ಬೆಳೆದಿದ್ದು ಹೇಗೆ?

ಶಿಕಾಗೋ ಪಕ್ಕದ ವಿನೆಟ್ಕಾದಲ್ಲಿರೋ ನ್ಯೂ ಟ್ರಿಯರ್ ಹೈಸ್ಕೂಲನ್ನೇ ನೋಡಿ. ಶುರುವಾಗಿದ್ದು 1901ರಲ್ಲಿ, ರೈಲಿನ ಅನುಕೂಲ ಇತ್ತಲ್ಲ, ಸಿಟಿಲಿ ಕೆಲಸ ಮಾಡೋರು ಅಲ್ಲೇ ಮನೆ ಮಾಡ್ತಾ ಹೋದ್ರು, ಎರಡನೇ ಮಹಾಯುದ್ಧ ಆದ್ಮೇಲಂತೂ ಮಕ್ಕಳು ಎಷ್ಟು ಜಾಸ್ತಿಯಾದ್ರು ಅಂದ್ರೆ 1965ರಲ್ಲಿ ಪಕ್ಕದೂರು ನಾರ್ತ್‌ಫೀಲ್ಡಲ್ಲಿ ಎರಡನೇ ಹೈಸ್ಕೂಲೇ ತೆರೀಬೇಕಾಯ್ತು. ಆಮೇಲೆ ಮಕ್ಕಳು ಕಮ್ಮಿಯಾಗಿ 80ರ ದಶಕದಲ್ಲಿ ಎರಡನ್ನೂ ಸೇರಿಸಿದ್ರು, ಮತ್ತೆ ಜಾಸ್ತಿಯಾದ್ರು, 2001ರಿಂದ ಆ ನಾರ್ತ್‌ಫೀಲ್ಡ್ ಕ್ಯಾಂಪಸ್ಸು ಬರೀ ಒಂಬತ್ತನೇ ಕ್ಲಾಸಿನೋರಿಗೆ. ನಂಗೆ ತುಂಬಾ ಹಿಡಿಸಿದ್ದು 1920ರ ದಶಕದಿಂದ ನಡೀತಿರೋ ಅಡ್ವೈಸರ್ ಪದ್ಧತಿ: ಒಂದಷ್ಟು ಮಕ್ಕಳ ಗುಂಪಿಗೆ ಒಬ್ರು ಟೀಚರ್, ಬೆಳಿಗ್ಗೆ ಅವರ ಜೊತೆ ಕೂತೇ ಕ್ಲಾಸಿಗೆ ಹೋಗೋದು, ಸಾವಿರಾರು ಜನರ ಮಧ್ಯೆ ಯಾವ ಮಗುನೂ ಒಂಟಿಯಾಗಬಾರ್ದು ಅಂತ. ದುಡ್ಡು ಮಾತ್ರ ಬಹುಪಾಲು ಆ ಊರವರ ಆಸ್ತಿ ತೆರಿಗೆಯಿಂದ ಬರತ್ತೆ, ಹಾಗಾಗಿ ಶ್ರೀಮಂತರ ಊರಿನ ಸ್ಕೂಲಿಗೆ ಸೌಲಭ್ಯ ಜಾಸ್ತಿ, ಇದು ನ್ಯಾಯ ಅಂತ ನಂಗನ್ಸಲ್ಲ.