ಹೊಟ್ಟೆ ಸ್ಕ್ಯಾನಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಹಾಸನದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ನಾಲ್ಕು ತಿಂಗಳು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಎಣ್ಣೆ ಪದಾರ್ಥ ತಿಂದ ರಾತ್ರಿ ಜಾಸ್ತಿ. ಜಿಪಿ, ಅಂದರೆ ಇಲ್ಲಿ ಮೊದಲು ತೋರಿಸಿಕೊಳ್ಳುವ ಬಡಾವಣೆಯ ಡಾಕ್ಟರು, ರಕ್ತ ಪರೀಕ್ಷೆ ಮಾಡಿಸಿ ಅಲ್ಟ್ರಾಸೌಂಡ್‌ಗೆ ಬರೆದುಕೊಟ್ಟಿದ್ದಾರೆ, ಆದರೆ ಆಸ್ಪತ್ರೆಯ ಪತ್ರದಲ್ಲಿ ಏಳು ವಾರ ಬಿಟ್ಟು ದಿನಾಂಕ ಇದೆ. ಆಫೀಸಿನ ಹತ್ತಿರ ಒಂದು ಪ್ರೈವೇಟ್ ಕ್ಲಿನಿಕ್‌ನಲ್ಲಿ 150 ಪೌಂಡ್‌ಗೆ ನಾಳಿದ್ದೇ ಮಾಡುತ್ತಾರಂತೆ. "ಅಕ್ಕಾ, ಮಾಡಿಸಿಬಿಡಲಾ? ಊರಲ್ಲಿ ಮಾಡಿಸುವ ಹಾಗೇ ತಾನೇ?" ಅಂತ ಕೇಳಿದ್ದೀರಿ.

ಅಕ್ಕ ಅಂದಿದ್ದೀರಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು 2006ರ ಅಕ್ಟೋಬರ್‌ನಲ್ಲಿ ರೆಡಿಂಗ್‌ಗೆ ಬಂದೆ. ಬಂದ ಎರಡನೇ ತಿಂಗಳಿಗೇ ಹೊಟ್ಟೆ ನೋವು. ಜಿಪಿ ಹೊಟ್ಟೆ ಒತ್ತಿ ನೋಡಿ, ಪ್ಯಾರಸಿಟಮಾಲ್ ತಗೊಳ್ಳಿ, ಚೆನ್ನಾಗಿ ನೀರು ಕುಡಿಯಿರಿ, ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಬನ್ನಿ ಎಂದರು. ಊರಲ್ಲಾಗಿದ್ದರೆ ಅಷ್ಟು ಹೊತ್ತಿಗೆ ರಕ್ತ, ಮೂತ್ರ, ಸ್ಕ್ಯಾನಿಂಗ್ ಮೂರೂ ಮುಗಿದು ಸಂಜೆ ಕವರ್ ಹಿಡಿದುಕೊಂಡು ಡಾಕ್ಟರ ಮುಂದೆ ಕೂತಿರುತ್ತಿದ್ದೆ. ಬಸ್ಸಿನಲ್ಲಿ ಅತ್ತುಕೊಂಡೇ ಮನೆಗೆ ಬಂದೆ. ನೋವು ಒಂದು ವಾರಕ್ಕೆ ಹೋಯಿತು. ಆಮೇಲೆ ಇದೇ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನನ್ನ ಇಬ್ಬರು ಮಕ್ಕಳ ಹೆರಿಗೆ ಮಾಡಿತು, ಎರಡನೆಯದು ರಾತ್ರೋರಾತ್ರಿ ಸಿಸೇರಿಯನ್, ಒಂದು ಪೌಂಡ್ ಕೇಳಲಿಲ್ಲ. ಇಲ್ಲಿ ಏನೂ ನೋಡುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಈಗ ಸಿಟ್ಟೇ ಬರುತ್ತದೆ. ನೀವೂ ವೀಸಾ ಮಾಡಿಸುವಾಗ ವರ್ಷಕ್ಕೆ 1,035 ಪೌಂಡ್‌ನಂತೆ ಈ ಸೇವೆಗಾಗಿ ಹೆಲ್ತ್ ಸರ್ಚಾರ್ಜ್ ಕಟ್ಟಿಯೇ ಬಂದಿದ್ದೀರಿ. ಆ ಸ್ಕ್ಯಾನ್ ನಿಮ್ಮ ಹಕ್ಕು.

ಅದಕ್ಕೇ ಮೊದಲ ಮಾತು: ಪ್ರೈವೇಟ್‌ನಲ್ಲಿ ಮಾಡಿಸಿದರೂ ಸರಿ, ಆ ಏಳು ವಾರದ ದಿನಾಂಕವನ್ನು ಮಾತ್ರ ಕ್ಯಾನ್ಸಲ್ ಮಾಡಬೇಡಿ. ಪ್ರೈವೇಟ್ ರಿಪೋರ್ಟ್‌ನಲ್ಲಿ ಗಾಲ್ ಬ್ಲಾಡರ್ ಸ್ಟೋನ್ (ಪಿತ್ತಕೋಶದ ಕಲ್ಲು) ಅಂತ ಬಂದರೂ ಮುಂದೆ ಸರ್ಜನ್ ಹತ್ತಿರ ಕಳಿಸುವುದು ಜಿಪಿಯೇ, ಆ ಸರ್ಜನ್ ತಮ್ಮ ಆಸ್ಪತ್ರೆಯಲ್ಲಿ ಇನ್ನೊಂದು ಸಲ ಸ್ಕ್ಯಾನ್ ಬೇಕು ಅನ್ನಬಹುದು. ದುಡ್ಡು ಕಟ್ಟಿದರೆ ನಿಮಗೆ ಬೇಗ ಗೊತ್ತಾಗುತ್ತದೆ. ಆಪರೇಷನ್ ಸಾಲಿನಲ್ಲಿ ಮುಂದೆ ಹೋಗುತ್ತೀರಿ ಅಂತ ಅಲ್ಲ. ಆಸ್ಪತ್ರೆಗೆ ಫೋನ್ ಮಾಡಿ, ಯಾರಾದರೂ ಕ್ಯಾನ್ಸಲ್ ಮಾಡಿದರೆ ನನ್ನನ್ನು ಕರೆಯಿರಿ ಅಂತಲೂ ಹೇಳಿಡಿ. ನನ್ನ ಪಕ್ಕದ ಮನೆಯವರಿಗೆ ಹಾಗೇ ಹತ್ತು ದಿನಕ್ಕೆ ಸಿಕ್ಕಿತು.

ಕಂಪನಿ ಇನ್ಶೂರೆನ್ಸ್ ಇದೆಯಾ? ಇದ್ದರೆ ಕ್ಲಿನಿಕ್‌ಗೆ ಮೊದಲು ಅವರಿಗೆ ಫೋನ್ ಮಾಡಿ, ಒಪ್ಪಿಗೆ ನಂಬರ್ ತಗೊಂಡು ಆಮೇಲೆ ಬುಕ್ ಮಾಡಿ. ಮೊದಲು ನೀವೇ ಕಟ್ಟಿ ಆಮೇಲೆ ಬಿಲ್ ಕಳಿಸಿದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಊರಿನ ಹಾಗೇನಾ ಅಂದರೆ, ಮೆಷಿನ್ ಅದೇ, ಪದ್ಧತಿ ಬೇರೆ. ನಮ್ಮಲ್ಲಿ ಸ್ಕ್ಯಾನ್ ಮಾಡುವವರು ರೇಡಿಯಾಲಜಿಸ್ಟ್, ಡಾಕ್ಟರು. ಇಲ್ಲಿ ಜಾಸ್ತಿ ಸೋನೋಗ್ರಾಫರ್‌ಗಳೇ, ಅಂದರೆ ಈ ಸ್ಕ್ಯಾನ್ ಮಾಡುವುದನ್ನೇ ಕಲಿತ, ಡಾಕ್ಟರಲ್ಲದ ತಜ್ಞರೇ ಮಾಡಿ ಅವರೇ ರಿಪೋರ್ಟ್ ಬರೆಯುತ್ತಾರೆ. ಅವರ ಕೆಲಸದ ಬಗ್ಗೆ ಅನುಮಾನ ಬೇಡ, ತುಂಬಾ ಚೆನ್ನಾಗಿ ಕಲಿತವರಿರುತ್ತಾರೆ. ಆದರೆ ಒಂದು ವಿಷಯ ಹೊಸದಾಗಿ ಬಂದವರಿಗೆ ಗೊತ್ತಿರುವುದಿಲ್ಲ. ಈ ದೇಶದಲ್ಲಿ ರೇಡಿಯೋಗ್ರಾಫರ್ (ಎಕ್ಸ್‌ರೇ ತೆಗೆಯುವವರು) ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಸೋನೋಗ್ರಾಫರ್ ಅನ್ನುವ ಹೆಸರಿಗೆ ಇಲ್ಲ, ಅಂದರೆ ನೋಂದಣಿ ಇಲ್ಲದವರೂ ಆ ಹೆಸರು ಹೇಳಿಕೊಳ್ಳಬಹುದು. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ, ಸ್ಕ್ಯಾನ್ ಮಾಡುವವರು ಯಾರು, ಆರೋಗ್ಯ ವೃತ್ತಿಯವರ ನೋಂದಣಿ ಮಂಡಳಿ ಎಚ್‌ಸಿಪಿಸಿಯಲ್ಲಿ ನೋಂದಣಿ ಇದೆಯಾ, ಡಾಕ್ಟರಾದರೆ ಡಾಕ್ಟರುಗಳ ಮಂಡಳಿ ಜಿಎಂಸಿಯಲ್ಲಿ ಇದೆಯಾ ಅಂತ. ಎರಡೂ ಪಟ್ಟಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. ಆಸ್ಪತ್ರೆ, ಕ್ಲಿನಿಕ್‌ಗಳನ್ನು ತಪಾಸಣೆ ಮಾಡುವ ಸಿಕ್ಯೂಸಿಯಲ್ಲಿ ಈ ಕ್ಲಿನಿಕ್ ನೋಂದಣಿ ಆಗಿದೆಯಾ ಅದನ್ನೂ ನೋಡಿ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಬೆಲೆ ಒಂದೊಂದು ಕಡೆ ಒಂದೊಂದು ಥರ. 150ರಲ್ಲಿ ರಿಪೋರ್ಟ್ ಸೇರಿದೆಯಾ, ಚಿತ್ರಗಳು ಕೊಡುತ್ತಾರಾ, ಜಿಪಿಗೆ ಅವರೇ ಕಳಿಸುತ್ತಾರಾ, ಇಷ್ಟು ಕೇಳಿದರೆ ಸಾಕು. ಇಡೀ ಮೈ ಚೆಕಪ್ ಅಂತ ದೊಡ್ಡ ಪ್ಯಾಕೇಜ್ ತೋರಿಸಿದರೆ ತಗೊಳ್ಳಬೇಡಿ. ಲಿವರ್‌ನಲ್ಲೋ ಕಿಡ್ನಿಯಲ್ಲೋ ಸಣ್ಣ ನೀರಿನ ಗುಳ್ಳೆ ಎಷ್ಟೋ ಜನಕ್ಕೆ ಇರುತ್ತದೆ, ಏನೂ ಮಾಡುವುದಿಲ್ಲ. ಆದರೆ ಕಾಗದದ ಮೇಲೆ ಬಂದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ.

ಉಪವಾಸದ ವಿಷಯ. ಸ್ಕ್ಯಾನ್‌ಗೆ ಮುಂಚೆ ಆರು ಗಂಟೆಗಳ ಕಾಲ ಏನೂ ತಿನ್ನಬಾರದು. ನೀರು ಕುಡಿಯಬಹುದು. ನಮ್ಮವರು ತಪ್ಪುವುದು ಇಲ್ಲೇ, ಏಕೆಂದರೆ ನಮ್ಮ ಏಕಾದಶಿಗೆ, ಸಂಕಷ್ಟಿಗೆ ಹಾಲು, ಬಾಳೆಹಣ್ಣು, ಅವಲಕ್ಕಿ ನಡೆಯುತ್ತದೆ ಅಲ್ವಾ, ಬೆಳಗಿನ ಕಾಫಿಯಂತೂ ನಡೆದೇ ನಡೆಯುತ್ತದೆ. ಇದಕ್ಕೆ ಅದ್ಯಾವುದೂ ನಡೆಯುವುದಿಲ್ಲ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ಗಾಲ್ ಬ್ಲಾಡರ್ ಮುದುಡಿಕೊಂಡು ಪಿತ್ತವನ್ನು ಹೊರಗೆ ಹಾಕುತ್ತದೆ, ಅದರಲ್ಲೂ ಹಾಲಿನ ಕೊಬ್ಬಿಗೆ ಜಾಸ್ತಿ. ಮುದುಡಿದ ಚೀಲದಲ್ಲಿ ಕಲ್ಲು ಇದೆಯಾ ಇಲ್ಲವಾ ನೋಡುವುದು ಕಷ್ಟ. ಚೂಯಿಂಗ್ ಗಮ್ ಕೂಡ ಬೇಡ, ಗಾಳಿ ಒಳಗೆ ಹೋಗುತ್ತದೆ. ಬೆಳಗಿನ ಮೊದಲ ಹೊತ್ತು ಕೇಳಿ ತಗೊಳ್ಳಿ, ಸುಲಭ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು, ನಿಮಗೆ ಅದಿಲ್ಲ ಅಂದುಕೊಂಡಿದ್ದೇನೆ. ಕೆಳಹೊಟ್ಟೆಯೂ ಸೇರಿದ್ದರೆ ಮೂತ್ರಚೀಲ ತುಂಬಿಕೊಂಡು ಬನ್ನಿ ಅನ್ನುತ್ತಾರೆ, ಅದು ನಿಮಗೆ ಗೊತ್ತೇ ಇರುತ್ತದೆ. ಸ್ಕ್ಯಾನ್ ಇಪ್ಪತ್ತು ನಿಮಿಷ. ನೋವಿಲ್ಲ, ರೇಡಿಯೇಷನ್ ಇಲ್ಲ.

ಈಗ ನಾನು ನಿಜವಾಗಿ ಹೇಳಬೇಕಾಗಿರುವುದು.

2016ರಲ್ಲಿ ನನ್ನ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದಳು. ಅಪ್ಪ ಹೋದ ಮೇಲೆ ಮೊದಲ ಸಲ. ಬಂದ ಎರಡು ತಿಂಗಳಿಗೆ ಊಟ ಆದ ಮೇಲೆ ಬಲಗಡೆ ಹಿಡಿದ ಹಾಗೆ ಆಗುತ್ತದೆ ಎಂದಳು. ನನಗೆ ಒಂದೇ ಹೆದರಿಕೆ, ಬಿಲ್ಲು. ಪ್ರವಾಸಿಗಳನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ಎನ್‌ಎಚ್‌ಎಸ್ ಚಿಕಿತ್ಸೆಯ ಖರ್ಚಿನ ಒಂದೂವರೆ ಪಟ್ಟು ಬಿಲ್ ಹಾಕುತ್ತದೆ ಅಂತ ಕೇಳಿದ್ದೆ, ಅದು ನಿಜವೂ ಹೌದು. ಆದರೆ ಪ್ರವಾಸಿಗಳೂ ಜಿಪಿ ಹತ್ತಿರ ಹೆಸರು ಬರೆಸಬಹುದು, ಜಿಪಿ ನೋಡಿದ್ದಕ್ಕೆ ದುಡ್ಡಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಇದ್ದವಳು, ಒಬ್ಬರನ್ನೂ ಕೇಳಲಿಲ್ಲ. ನೇರ ಒಂದು ಪ್ರೈವೇಟ್ ಸ್ಕ್ಯಾನ್ ಬುಕ್ ಮಾಡಿದೆ. ಅಮ್ಮನಿಗಾಗಿ ಖರ್ಚು ಮಾಡುತ್ತಿದ್ದೇನೆ ಅನ್ನುವ ಹೆಮ್ಮೆಯೂ ಇತ್ತು ಅಂತ ಇಟ್ಟುಕೊಳ್ಳಿ.

ಅಲ್ಲಿ ಒಂದು ಫಾರಂ ಕೊಟ್ಟರು. ಸ್ಕ್ಯಾನ್ ಯಾಕೆ ಬೇಕು ಅಂತ ಒಂದು ಖಾನೆ. ಕಲ್ಲು ಇದೆಯಾ ನೋಡಲು ಅಂತ ಬರೆದೆ, ಅಷ್ಟೇ. ಒಳಗೆ ಹೋದ ಮೇಲೆ ಆ ಸೋನೋಗ್ರಾಫರ್ ಏನು ತೊಂದರೆ ಅಂತ ಕೇಳಿದರು. ಅಮ್ಮ ಮಂಚದ ಮೇಲೆ ಮಲಗಿ, ಸೀರೆ ಸೆರಗು ಎದೆಗೆ ಅವುಚಿಕೊಂಡು, ನನ್ನ ಮುಖ ನೋಡಿ ಹೇಳಿದಳು: "ಊಟ ಸೇರ್ತಾ ಇಲ್ಲ ಕಣೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ. ಸುಸ್ತು. ತಿಂದ ಮೇಲೆ ಇಲ್ಲಿ ಹಿಡ್ಕೊಳ್ಳುತ್ತೆ. ಇಷ್ಟೂ ಹೇಳು ಅವರಿಗೆ." ನಾನು ಇಂಗ್ಲಿಷಿನಲ್ಲಿ ಹೇಳಿದ್ದು, ಊಟ ಆದ ಮೇಲೆ ನೋವು ಬರುತ್ತದಂತೆ ಅಂತ. ನಾಲ್ಕು ಮಾತಿನಲ್ಲಿ ಒಂದು. ಏಕೆ ಹಾಗೆ ಮಾಡಿದೆ ಅಂದರೆ, ಅವಸರ. ಮಗಳನ್ನು ಸ್ಕೂಲಿನಿಂದ ಕರೆತರಬೇಕಿತ್ತು. ಏದುಸಿರು, ಸುಸ್ತು ಎಲ್ಲ ವಯಸ್ಸಿಗೆ ಇದ್ದದ್ದೇ, ಅದನ್ನೆಲ್ಲ ಇವರಿಗೇಕೆ ಹೇಳುವುದು ಅನ್ನಿಸಿತು.

ಕಲ್ಲು ಇರಲಿಲ್ಲ. ಲಿವರ್, ಕಿಡ್ನಿ, ಗುಲ್ಮ (ಸ್ಪ್ಲೀನ್) ಎಲ್ಲ ಸರಿ ಇತ್ತು. ಕಾರಿನಲ್ಲಿ ಅಮ್ಮನಿಗೆ ಹೇಳಿದೆ, "ಏನೂ ಇಲ್ಲಮ್ಮ, ಎಲ್ಲ ನಾರ್ಮಲ್, ಬರೀ ಗ್ಯಾಸು." ಅವಳು ಎಷ್ಟು ನೆಮ್ಮದಿಯಿಂದ ತಲೆ ಆಡಿಸಿದಳು ಅಂದರೆ, ಆಮೇಲೆ ನೋವಿನ ಮಾತನ್ನೇ ಎತ್ತಲಿಲ್ಲ. ಮಗಳು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದ್ದಾಳೆ, ಮತ್ತೆ ನೋವು ಅಂದರೆ ಚೆನ್ನಾಗಿರುವುದಿಲ್ಲ ಅಂತ ಸುಮ್ಮನಿದ್ದಳೋ ಏನೋ.

ರಿಪೋರ್ಟ್ ಎರಡು ಪುಟ ಇತ್ತು. ಕೊನೆಯಲ್ಲಿ, ಕರುಳಿನ ಗ್ಯಾಸ್ ಅಡ್ಡ ಬಂದಿದ್ದರಿಂದ ಕೆಲವು ಭಾಗ ಕಾಣಿಸಿಲ್ಲ, ತೊಂದರೆ ಮುಂದುವರಿದರೆ ಡಾಕ್ಟರನ್ನು ಕಾಣಬೇಕು ಅಂತ ಸ್ಪಷ್ಟವಾಗಿ ಬರೆದಿದ್ದರು. ಆ ಕ್ಲಿನಿಕ್‌ನವರದು ಒಂದು ತಪ್ಪೂ ಇಲ್ಲ. ನಾನು ಓದಲಿಲ್ಲ.

ಆ ವಾರವೋ ಮುಂದಿನ ವಾರವೋ, ಅಮ್ಮ ಅಡುಗೆಮನೆಯ ಟೇಬಲ್ ಹತ್ತಿರ ಕೂತು ರವಿಕೆಯನ್ನು ತಿರುವಿ ಹಾಕಿಕೊಂಡು ಪಕ್ಕದಲ್ಲಿ ಇನ್ನೊಂದು ಹೊಲಿಗೆ ಹಾಕುತ್ತಿದ್ದಳು. ಮೊದಲು ಹಾಕಿದ್ದ ಹೊಲಿಗೆಯ ಪಕ್ಕದಲ್ಲೇ ಅದು ಎರಡನೆಯದು, ಬೇರೆ ಬಣ್ಣದ ದಾರ, ನನ್ನ ಡಬ್ಬಿಯಲ್ಲಿ ಹಸಿರು ಇರಲಿಲ್ಲ. "ಸಡಿಲ ಆಗಿದೆ ಕಣೆ" ಎಂದಳು. "ದಿನಾ ಪಾರ್ಕಿನಲ್ಲಿ ವಾಕಿಂಗ್ ಮಾಡ್ತೀಯಲ್ಲ, ಒಳ್ಳೇದೇ ಆಯ್ತು" ಎಂದೆ.

ಊರಿಗೆ ಹೋದ ಮೇಲೆ ತಲೆಸುತ್ತಿ ಬಿದ್ದಳು. ರಕ್ತದ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಆಮೇಲೆ ಬೆಂಗಳೂರಿನಲ್ಲಿ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾಡಿದಾಗ ಬಲಗಡೆ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ನಾವು ಸ್ಕ್ಯಾನ್ ಮಾಡಿಸಿ ಐದು ತಿಂಗಳಾಗಿತ್ತು. ಆಪರೇಷನ್ ಆಯಿತು, ಎರಡು ವರ್ಷ ಚಿಲ್ಲರೆ ಇದ್ದಳು. ಮೊದಲೇ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಅಲ್ಲಿನ ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದನ್ನು ನಿಮ್ಮನ್ನು ಹೆದರಿಸುವುದಕ್ಕೆ ಬರೆದಿಲ್ಲ ತಮ್ಮ. ನಿಮ್ಮ ವಯಸ್ಸು, ನೀವು ಹೇಳುವ ನೋವು ನೋಡಿದರೆ ಕಲ್ಲೇ ಇರಬಹುದು ಅಂತ ಜಿಪಿಗೂ ಅನ್ನಿಸಿರಬೇಕು, ಕಲ್ಲು ನೋಡುವುದಕ್ಕೆ ಅಲ್ಟ್ರಾಸೌಂಡ್‌ನಷ್ಟು ಒಳ್ಳೆಯ ಪರೀಕ್ಷೆ ಕಡಿಮೆ. ಲಿವರ್, ಪಿತ್ತನಾಳ, ಕಿಡ್ನಿ, ಗುಲ್ಮ ಚೆನ್ನಾಗಿ ಕಾಣುತ್ತವೆ. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಎಷ್ಟೋ ಸಲ ಅರ್ಧ ಮಾತ್ರ. ಹೊಟ್ಟೆಯ ಹುಣ್ಣು, ಆಸಿಡಿಟಿ, ಕರುಳಿನ ಒಳಗಿನ ಕಾಯಿಲೆ ಇವಕ್ಕೆಲ್ಲ ಇದು ಪರೀಕ್ಷೆಯೇ ಅಲ್ಲ, ಶಬ್ದದ ಅಲೆ ಗಾಳಿಯನ್ನು ದಾಟಿ ಹೋಗುವುದಿಲ್ಲ, ನಮ್ಮ ಕರುಳಿನಲ್ಲಿ ಯಾವಾಗಲೂ ಗಾಳಿ ಇರುತ್ತದೆ. ಜಿಪಿ ಹತ್ತಿರ ಹೋದರೆ ಅವರು ನಾಲ್ಕು ಪ್ರಶ್ನೆ ಕೇಳಿ, ರಕ್ತ ನೋಡಿ, ಬೇಕಾದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ನೋಡುವ ಫಿಟ್ ಪರೀಕ್ಷೆ ಕೊಡುತ್ತಾರೆ. ಸ್ಕ್ಯಾನ್ ಮಾಡುವವರ ಹತ್ತಿರ ಅದಿಲ್ಲ. ನೀವು ಏನು ಕೇಳಿದಿರೋ ಅದಕ್ಕೆ ಉತ್ತರ ಕೊಟ್ಟು ಕಳಿಸುತ್ತಾರೆ.

ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದು ನೋವು ಹಾಗೇ ಇದ್ದರೆ ಜಿಪಿ ಹತ್ತಿರ ವಾಪಸ್ ಹೋಗಲೇಬೇಕು. ತೂಕ ತಾನಾಗಿ ಇಳಿಯುವುದು, ಮಲದಲ್ಲಿ ರಕ್ತ, ಊಟ ಸೇರದಿರುವುದು, ಇದರಲ್ಲಿ ಒಂದಿದ್ದರೂ ಏಳು ವಾರ ಕಾಯಬೇಡಿ, ಇವತ್ತೇ ಫೋನ್ ಮಾಡಿ ಆ ಮಾತನ್ನು ಬಾಯಿಬಿಟ್ಟು ಹೇಳಿ, ಅವರು ಬೇಗ ನೋಡುವ ದಾರಿ ಬೇರೆ ಇದೆ. ಕಣ್ಣು ಹಳದಿ ಆದರೆ, ಚಳಿಜ್ವರದ ಜೊತೆ ನೋವು ಬಂದರೆ, ನೋವು ಗಂಟೆಗಟ್ಟಲೆ ಬಿಡದೆ ವಾಂತಿ ಆಗುತ್ತಿದ್ದರೆ ಸ್ಕ್ಯಾನಿಂಗ್ ಸೆಂಟರ್ ಹುಡುಕುತ್ತಾ ಕೂರಬೇಡಿ, ನೇರ ಎ ಅಂಡ್ ಇ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅನುಮಾನ ಇದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತಾರೆ. ಭಾಷೆ ಕಷ್ಟ ಅಂದರೆ ಇಂಟರ್‌ಪ್ರಿಟರ್ ಬೇಕು ಅಂತ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ನಾಳೆ ನಿಮ್ಮ ಅಪ್ಪ ಅಮ್ಮ ಬಂದಾಗ ನೆನಪಿರಲಿ. ಅವರು ಬರುವ ಮುಂಚೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಬಂದ ಮೇಲೆ ಮೈ ಸರಿ ಇಲ್ಲ ಅಂದರೆ ಜಿಪಿ ಹತ್ತಿರ ಕರೆದುಕೊಂಡು ಹೋಗಿ.

150 ಪೌಂಡ್ ನಿಮಗೆ ಈಗ ಭಾರ ಆಗದಿದ್ದರೆ, ಏಳು ವಾರ ಯೋಚನೆ ಮಾಡುತ್ತಾ ಕೂರುವ ಬದಲು ಮಾಡಿಸಿ, ತಪ್ಪೇನಿಲ್ಲ. ಬಾಡಿಗೆ ಕಟ್ಟುವುದಕ್ಕೆ ಕಷ್ಟ ಆಗುವ ಹಾಗಿದ್ದರೆ ಬೇಡ, ಅಲ್ಲಿಯವರೆಗೆ ಎಣ್ಣೆ, ತುಪ್ಪ, ಬಿರಿಯಾನಿ ಬಿಟ್ಟು ತಿಳಿ ಸಾರು ಅನ್ನದಲ್ಲಿ ಇರಿ. ಒಬ್ಬರೇ ಇದ್ದೀರಿ, ಊಟ ಬಿಡಬೇಡಿ.

ಮಾಡಿಸುವುದಾದರೆ ಆ ಫಾರಂ ಮೊದಲೇ ಇಮೇಲ್‌ನಲ್ಲಿ ಬರುತ್ತದೆ. ಯಾಕೆ ಬೇಕು ಅನ್ನುವ ಖಾನೆ ತುಂಬುವ ಮುಂಚೆ, ನೋವು ಯಾವಾಗಿನಿಂದ, ಎಲ್ಲಿ, ಏನು ತಿಂದರೆ, ಇನ್ನೇನೇನು ಆಗುತ್ತಿದೆ, ಎಲ್ಲವನ್ನೂ ಮನೆಯವರ ಹತ್ತಿರ ಹೇಳುವ ಹಾಗೆ ಕನ್ನಡದಲ್ಲೇ ಒಂದು ಹಾಳೆಯ ಮೇಲೆ ಬರೆಯಿರಿ. ಇಂಗ್ಲಿಷಿಗೆ ತರುವುದು ತೊಡಕು ಅನ್ನಿಸಿದರೆ ನನಗೆ ಕಳಿಸಿ. ಒಂದು ಮಾತೂ ಬಿಡದೆ ಮಾಡಿಕೊಡುತ್ತೇನೆ.